ಖಾಲಿ ಗಾಡಿಯ ಎತ್ತರ

ಪಿಕಪ್ ಗಾಡಿ ಇಳಿಸಬೇಕು ಅಂತ ಪೀಣ್ಯದಲ್ಲಿ ಯಾರಿಗೆ ಹೇಳಿದರೂ ಮೊದಲು ಬರುವ ಮಾತು, "ಎಲ್ಲಿ ಇಳಿಸ್ಬೇಕು, ಲೋಡ್ ಏನಿದೆ?" ಗಾಡಿಯಿಂದ ಇಳಿಸೋದಲ್ಲ ಸಾರ್, ಗಾಡಿಯನ್ನೇ ಇಳಿಸೋದು, ಬಾಡಿ ನೆಲಕ್ಕೆ ಇನ್ನೊಂಚೂರು ಹತ್ತಿರ ಕೂರಬೇಕು ಅಂತ ಬಿಡಿಸಿ ಹೇಳಿದರೆ ಅವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ಪಕ್ಕದಲ್ಲಿರುವ ಅಪ್ಪನ ಮುಖ ನೋಡುತ್ತಾರೆ. ಅಪ್ಪ ಆಕಾಶ ನೋಡುತ್ತಾರೆ.

ಗಾಡಿ 1984ರ ಮಹೀಂದ್ರ ಪಿಕಪ್. ಮುಂದೆ ಜೀಪಿನ ಮೂತಿ, ಹಿಂದೆ ಯಾವುದೋ ಬಾಡಿ ಬಿಲ್ಡರ್ ಕಟ್ಟಿದ ತಗಡಿನ ತೊಟ್ಟಿ. ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸೋಕೆ ಶುರು ಮಾಡಿದ್ದು 1947ರಲ್ಲಿ. ಆ ವಂಶದ ಮೊಮ್ಮಗ ಇದು, ಅಜ್ಜನ ಮೊಂಡುತನವೂ ಹಾಗೇ ಬಂದಿದೆ. ಮುಂದೆಯೂ ಗಟ್ಟಿ ಆಕ್ಸಲ್, ಹಿಂದೆಯೂ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್. ಕಾಯಿಲ್ ಇಲ್ಲ, ಟಾರ್ಷನ್ ಬಾರ್ ಇಲ್ಲ. ಒಂದರ ಮೇಲೊಂದು ಕಬ್ಬಿಣದ ಪಟ್ಟಿ ಜೋಡಿಸಿ ಬಿಲ್ಲಿನ ಹಾಗೆ ಬಗ್ಗಿಸಿ ಯು-ಬೋಲ್ಟ್‌ನಲ್ಲಿ ಕಟ್ಟಿದ್ದಾರೆ ಅಷ್ಟೆ. ಎತ್ತಿನ ಗಾಡಿ ಕಂಡವರಿಗೂ ನೋಡಿದ ತಕ್ಷಣ ಅರ್ಥ ಆಗುವ ವ್ಯವಸ್ಥೆ.

ಅಪ್ಪ ಇದನ್ನು 1996ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ಪೀಣ್ಯ ಎರಡನೇ ಹಂತದಲ್ಲಿ ಅವರದ್ದೊಂದು ಶೆಡ್ ಇತ್ತು. ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು, ಒಂದು ಡ್ರಿಲ್ಲಿಂಗ್ ಮಷೀನು. ಜಾಬ್ ವರ್ಕ್. ಪೀಣ್ಯದ ಲೆಕ್ಕಾಚಾರ ಗೊತ್ತಿಲ್ಲದವರಿಗೆ ಒಂದು ಮಾತು: ಅಲ್ಲಿ ಒಂದು ಪೀಸು ಹುಟ್ಟಿ ಮುಗಿಯುವುದರೊಳಗೆ ನಾಲ್ಕು ಶೆಡ್ ನೋಡಿರುತ್ತದೆ. ರಾಡ್ ಒಂದು ಕಡೆ, ಟರ್ನಿಂಗ್ ಇನ್ನೊಂದು ಕಡೆ, ಹೀಟ್ ಟ್ರೀಟ್‌ಮೆಂಟ್ ಮತ್ತೊಂದು ಕ್ರಾಸಿನಲ್ಲಿ, ಪ್ಲೇಟಿಂಗ್ ಅದರಾಚೆ. ಈ ನಾಲ್ಕು ಶೆಡ್ಡುಗಳ ಮಧ್ಯೆ ಓಡಾಡುವುದೇ ಪಿಕಪ್ಪಿನ ಕೆಲಸ. ಇಪ್ಪತ್ತೈದು ವರ್ಷ ಅದನ್ನೇ ಮಾಡಿತು. 2021ರಲ್ಲಿ ಅಪ್ಪ ಶೆಡ್ ಮುಚ್ಚಿದರು. ಲೇತುಗಳು ಕೆಜಿ ಲೆಕ್ಕದಲ್ಲಿ ಹೋದವು. ಆ ವಿಷಯ ಇಲ್ಲಿಗೇ ಬಿಡ್ತೀನಿ, ಮನೆಯಲ್ಲೂ ನಾವು ಅದನ್ನು ಮಾತಾಡೋದು ಕಮ್ಮಿ. ಪಿಕಪ್ ಮಾತ್ರ ಬಾಗಲಗುಂಟೆಯ ಮನೆ ಮುಂದೆ ಹೊಂಗೆ ಮರದ ಕೆಳಗೆ ಉಳಿಯಿತು. ಎಲೆಕ್ಟ್ರಾನಿಕ್ ಸಿಟಿಯಿಂದ ಭಾನುವಾರ ಬಂದಾಗಲೆಲ್ಲ ಅದರ ಬಾನೆಟ್ ಮೇಲಿನ ಹೂವು ಗುಡಿಸೋದು ನನ್ನ ಪಾಲಿನ ಕೆಲಸ. ಒಂದು ದಿನ ಅಪ್ಪನೇ ಅಂದರು, "ನಿಂಗೆ ಬೇಕಾದ್ರೆ ಇಟ್ಕೊಳಮ್ಮ. ಇಲ್ಲಾಂದ್ರೆ ಗುಜರಿಯವನು ಬರ್ತೀನಿ ಅಂದಿದಾನೆ."

ಇಟ್ಕೊಂಡೆ. ಇಟ್ಕೊಂಡ ಮೇಲೆ ಇಳಿಸಬೇಕು ಅನ್ನಿಸಿತು.

ಯಾಕೆ ಅಂತ ಅಪ್ಪ ಕೇಳಿದಾಗ ನನ್ನ ಹತ್ತಿರ ಎಂಜಿನಿಯರಿಂಗ್ ಕಾರಣ ಯಾವುದೂ ಇರಲಿಲ್ಲ. ಖಾಲಿ ನಿಂತ ಪಿಕಪ್ ಹಿಂದೆ ಎತ್ತಿಕೊಂಡು ನಿಲ್ಲುತ್ತದೆ, ಕುಸ್ತಿಗೆ ಬಗ್ಗಿದವನ ಹಾಗೆ. ನನಗೆ ಗೊತ್ತಿದ್ದ ಗಾಡಿ ಅದಲ್ಲ. ಸ್ಕೂಲಿಂದ ಬರುವಾಗ ಜಾಲಹಳ್ಳಿ ಕ್ರಾಸಿನಲ್ಲಿ ಕಾಣಿಸುತ್ತಿದ್ದ ಗಾಡಿ ರಾಡ್ ತುಂಬಿಕೊಂಡು, ಮುಂದೆ ಹಿಂದೆ ಸಮವಾಗಿ, ನೆಲಕ್ಕೆ ಕೂತು, ಭಾರವಾಗಿ ಬರುತ್ತಿತ್ತು. ಆ ಎತ್ತರ ನನಗೆ ಬೇಕಿತ್ತು. ಇದನ್ನು ಹೇಳಿದ್ದಕ್ಕೆ ಅಪ್ಪ ಕೊಟ್ಟ ಉತ್ತರ: "ಅಂದ್ರೆ ಖಾಲಿ ಗಾಡೀನ ಲೋಡ್ ಇದ್ದಂಗೆ ತೋರ್ಸಕ್ಕೆ ದುಡ್ಡು ಕೊಡ್ತೀಯ?"

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಸುಮಾರು ಐದು ಭಾನುವಾರ ಬೇಕಾಯಿತು.

ಹಾಗೆ ನೋಡಿದರೆ ಗಾಡಿ ಇಳಿಸುವ ಚಟದ ಶುರುವಾತೇ ಲೋಡಿನಿಂದ. 1940ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಹುಡುಗರು ಹಳೇ ಕಾರು ಕೊಂಡು ಡಿಕ್ಕಿಯಲ್ಲಿ ಮರಳಿನ ಚೀಲ ತುಂಬಿ ಹಿಂದೆ ಕೂರಿಸುತ್ತಿದ್ದರು. ಆಮೇಲೆ ಸ್ಪ್ರಿಂಗ್ ಕತ್ತರಿಸೋದು, ಕಾಯಿಸಿ ಕೂರಿಸೋದು ಬಂತು. 1958ರಲ್ಲಿ ಕ್ಯಾಲಿಫೋರ್ನಿಯಾ ಸರಕಾರ, ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಗಾಡಿಯ ಯಾವ ಭಾಗವೂ ಇರಕೂಡದು ಅಂತ ಕಾನೂನು ಮಾಡಿತು. ಪೊಲೀಸರ ದಂಡದಿಂದ ತಪ್ಪಿಸಿಕೊಳ್ಳೋಕೆ ರಾನ್ ಅಗ್ವೀರೆ ಎಂಬಾತ ತನ್ನ ಕಾರ್ವೆಟ್‌ಗೆ ಹೈಡ್ರಾಲಿಕ್ ಪಂಪು ಕೂರಿಸಿ, ಬೇಕೆಂದಾಗ ಏರಿಸಿ ಬೇಕೆಂದಾಗ ಇಳಿಸುವ ಹಾಗೆ ಮಾಡಿಕೊಂಡ. ಸಿನಿಮಾಗಳಲ್ಲಿ ಕುಣಿಯುವ ಕಾರುಗಳ ಮೂಲ ಅಲ್ಲಿದೆ. ಈ ಕಥೆ ಹೇಳಿದರೆ ಅಪ್ಪ ಹಿಡಿದುಕೊಂಡದ್ದು ಒಂದೇ ವಿಷಯ: "ಮರಳು ಚೀಲ ಒಳ್ಳೇದು. ಬೇಡಾಂದ್ರೆ ಎತ್ತಿ ಆಚೆ ಹಾಕ್ಬೋದು."

ಆಫೀಸಿನಲ್ಲಿ ಹೇಳಿದಾಗ ಎಲ್ಲರದೂ ಒಂದೇ ರಾಗ. ಬೆಂಗಳೂರಿನ ಹಂಪುಗಳು ಕಣೇ, ತಳ ಉಜ್ಜಿ ಹೋಗತ್ತೆ. ಕಾರು ಓಡಿಸೋರಿಗೆ ಈ ಭಯ ಸಹಜ. ಕೂತು ಲೆಕ್ಕ ಹಾಕಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯ ಪ್ರಕಾರ ಹಂಪ್ ಅಂದರೆ 3.7 ಮೀಟರ್ ಅಗಲ, ನಡುವಿನಲ್ಲಿ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ನಮ್ಮ ಗಾಡಿಯಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಟೇಪ್ ಹಿಡಿದರೆ ಸುಮಾರು 2.6 ಮೀಟರ್. ಆ ಹಂಪಿನ ಮೇಲೆ ಗಾಡಿ ನಡುಮಧ್ಯ ನಿಂತರೆ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ. ಹೊಟ್ಟೆಗೂ ಹಂಪಿನ ನೆತ್ತಿಗೂ ನಡುವೆ ಕಳೆದುಹೋಗುವ ಜಾಗ 5 ಸೆಂಟಿಮೀಟರ್ ಮಾತ್ರ. ಅಂಥ ಹಂಪು ನೀವು ನೋಡಿದ್ದೀರಾ? ನಾನೂ ನೋಡಿಲ್ಲ. ನಮ್ಮ ಲೇಔಟಿನಲ್ಲಿ ಇರೋದು ರಾತ್ರೋರಾತ್ರಿ ಯಾರೋ ಕಾಂಕ್ರೀಟ್ ಸುರಿದ, ಒಂದಡಿ ಅಗಲ, ಅರ್ಧ ಅಡಿ ಎತ್ತರದ ಸಮಾಧಿಗಳು. ಅದರ ಮೇಲೆ ಹೋದರೆ ಕಳೆಯುವುದು ಪೂರ್ತಿ 15 ಸೆಂಟಿಮೀಟರ್. ಆದರೂ ನಮ್ಮ ಗಾಡಿಯ ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿ ನೆಲದಿಂದ 29 ಸೆಂಟಿಮೀಟರ್ ಮೇಲಿದೆ. 5 ಇಳಿಸಿದರೂ ಇನ್ನೂ 9 ಉಳಿಯುತ್ತದೆ. ಹಂಪಿನ ಚಿಂತೆ ಅಲ್ಲಿಗೆ ಮುಗಿಯಿತು.

ಇನ್ನೊಂದು ತಮಾಷೆ ಇದೆ. ಇಂಥ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ ಅಂತ ಹೇಳುವುದು ಡಿಫರೆನ್ಷಿಯಲ್ ಗಡ್ಡೆಯ ಕೆಳಗಿನ ಜಾಗವನ್ನು. ಆ ಗಡ್ಡೆ ಆಕ್ಸಲ್ಲಿನ ಜತೆಗೇ ಇರುವಂಥದ್ದು, ಸ್ಪ್ರಿಂಗಿಗೂ ಅದಕ್ಕೂ ಸಂಬಂಧ ಇಲ್ಲ. ಸ್ಪ್ರಿಂಗ್ ಎಷ್ಟೇ ಇಳಿಸಿ, ಆ ಅಳತೆ ಒಂದು ಕೂದಲೂ ಬದಲಾಗೋಲ್ಲ. ಬದಲಾಗಬೇಕಾದರೆ ಟಯರ್ ಚಿಕ್ಕದು ಹಾಕಬೇಕು. ಇಳಿಸಿದರೆ ಕಮ್ಮಿಯಾಗೋದು ಯಾರ ಕಣ್ಣಿಗೂ ಬೀಳದ ಇನ್ನೊಂದು ಜಾಗ: ಆಕ್ಸಲ್ ಹೌಸಿಂಗಿಗೂ ಅದರ ಮೇಲೆ ಚಾಸಿಗೆ ಬಡಿದಿರುವ ಬಂಪ್ ಸ್ಟಾಪರ್ ರಬ್ಬರಿಗೂ ನಡುವಿನ ಸಂದು. ಗಾಡಿ ಗುಂಡಿಗೆ ಬಿದ್ದಾಗ ಆಕ್ಸಲ್ ಮೇಲೆ ಬರಬೇಕಲ್ಲ, ಅದಕ್ಕಿರುವ ಜಾಗ ಅದು. ಅಪ್ಪ ಅದನ್ನು ಬೆರಳಿನಲ್ಲಿ ಅಳೆಯುತ್ತಾರೆ. ನಾನು ವರ್ನಿಯರ್ ತಂದೆ.

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಮೇಸ್ತ್ರಿಯನ್ನು ಕೇಳಿ ಹತ್ತು ಮೂಟೆ ಸಿಮೆಂಟ್ ಒಂದು ಗಂಟೆಗೆ ಸಾಲ ಪಡೆದೆವು. ಮೂಟೆಗೆ 50 ಕೆಜಿ, ಇದಕ್ಕಿಂತ ಒಳ್ಳೇ ತೂಕದ ಕಲ್ಲು ಎಲ್ಲೂ ಸಿಗೋಲ್ಲ. ಖಾಲಿ ಗಾಡಿಯಲ್ಲಿ ಹಿಂದಿನ ಸಂದು 95 ಮಿಲಿಮೀಟರ್. ನಾಲ್ಕು ಮೂಟೆ ಹಾಕಿದಾಗ 65. ಹತ್ತು ಮೂಟೆ ಹಾಕಿದಾಗ 35. ಅಂದರೆ ಮೊದಲ 200 ಕೆಜಿಗೆ 30 ಇಳಿದದ್ದು, ಆಮೇಲಿನ 300 ಕೆಜಿಗೂ 30 ಮಾತ್ರ ಇಳಿಯಿತು. ಕಾರಣ ಕೆಳಗೆ ಬಗ್ಗಿದರೆ ಕಾಣುತ್ತದೆ. ಏಳು ಬ್ಲೇಡಿನ ಮುಖ್ಯ ಕಟ್ಟಿನ ಜತೆ ಎರಡು ದಪ್ಪ ಹೆಲ್ಪರ್ ಬ್ಲೇಡುಗಳಿವೆ. ಖಾಲಿ ಇದ್ದಾಗ ಅವು ಸುಮ್ಮನೆ ಕೂತಿರುತ್ತವೆ. ಲೋಡ್ ಬಿದ್ದು ಗಾಡಿ ಒಂದು ಮಟ್ಟಕ್ಕೆ ಇಳಿದ ಮೇಲೆ ಹೆಗಲು ಕೊಡುತ್ತವೆ. ಈ ಒಂದು ಗಂಟೆಯಲ್ಲಿ ಕಲಿತಷ್ಟು ನಾನು ನಾಲ್ಕು ವರ್ಷದ ಬಿಇಯಲ್ಲಿ ಕಲಿತಿರಲಿಲ್ಲ (ನನ್ನದು ಕಂಪ್ಯೂಟರ್ ಸೈನ್ಸ್, ಅದೂ ಒಂದು ಕಾರಣ).

ಖಾಲಿ ಪಿಕಪ್ ಯಾಕೆ ಹಾಗೆ ಕುಣಿಯುತ್ತದೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ತನ್ನ ಮೇಲಿನ ಭಾರಕ್ಕೆ ಸ್ಪ್ರಿಂಗ್ ಎಷ್ಟು ಬಗ್ಗಿ ನಿಂತಿದೆ ಅನ್ನುವುದರ ಮೇಲೆ ಗಾಡಿ ಸೆಕೆಂಡಿಗೆ ಎಷ್ಟು ಸಲ ಕುಲುಕುತ್ತದೆ ಅನ್ನುವುದು ನಿಂತಿದೆ. 50 ಮಿಲಿಮೀಟರ್ ಬಗ್ಗಿದ್ದರೆ ಸೆಕೆಂಡಿಗೆ 2.2 ಸಲ. 100 ಬಗ್ಗಿದ್ದರೆ 1.6 ಸಲ. ಮೆತ್ತಗೆ ಹೋಗುವ ಕಾರುಗಳು ಒಂದರಿಂದ ಒಂದೂವರೆಯ ಒಳಗೆ ಇರುತ್ತವೆ. ಲೋಡಿಗಾಗಿ ಮಾಡಿದ ಸ್ಪ್ರಿಂಗು ಖಾಲಿ ಇದ್ದಾಗ ಬಗ್ಗುವುದೇ ಇಲ್ಲ, ಅದಕ್ಕೇ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಪ್ರತೀ ಜಾಯಿಂಟಿಗೂ ನನ್ನ ಹಲ್ಲು ಕಟಕಟ ಅಂತ ಎಣಿಸುತ್ತಿತ್ತು. ಅದನ್ನು ಬರೀ ಇಳಿಸಿದರೆ ಈ ಕುಣಿತ ಹೋಗೋಲ್ಲ. ಎತ್ತರ ಬೇರೆ, ಮೆದು ಬೇರೆ. ಅಂಗಡಿಯವರು ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರುತ್ತಾರೆ.

ನನಗೆ ಬೇಕಿದ್ದದ್ದು 50 ಮಿಲಿಮೀಟರ್. ಎರಡಿಂಚು. ಅಪ್ಪ ಸಿಮೆಂಟ್ ಚೀಲದ ಮೇಲೇ ಪೆನ್ಸಿಲ್‌ನಲ್ಲಿ ಬರೆದರು: 35 ಕಳೆ 50. ಮೈನಸ್ 15. "ಮೈನಸ್ ಅಂದ್ರೆ ಏನ್ ಗೊತ್ತೇನಮ್ಮ? ಹತ್ ಮೂಟೆ ಹಾಕಿದ್ ದಿನ ಹೌಸಿಂಗು ರಬ್ಬರಿನೊಳಗೇ ಕೂತಿರತ್ತೆ. ಗುಂಡಿ ಬೇಕಾಗಿಲ್ಲ, ನಿಂತಲ್ಲೇ ಬಡಿದಿರತ್ತೆ." ಆಮೇಲೆ ಚೀಲ ಮಡಚುತ್ತಾ ಕೇಳಿದರು: "ಮೊದ್ಲು ಹೇಳು, ಈ ಗಾಡಿ ಇನ್ಮೇಲೆ ಏನ್ ಹೊರತ್ತೆ?"

ಏನೂ ಹೊರಲ್ಲ ಅಪ್ಪ, ಅಂದೆ. ನನ್ನ ಲ್ಯಾಪ್‌ಟಾಪ್ ಬ್ಯಾಗು. ಅವರು ಏನೂ ಮಾತಾಡಲಿಲ್ಲ. ಮೂಟೆಗಳನ್ನು ವಾಪಸ್ ಇಳಿಸೋಕೆ ಹೋದರು.

ಅವತ್ತು ರಾತ್ರಿ ನೈಸ್ ರೋಡಿನಲ್ಲಿ ಬಸ್ಸಿನಲ್ಲಿ ಕೂತು ಬರುವಾಗ ಅನ್ನಿಸಿದ್ದು ಇಷ್ಟು. ಏನೂ ಹೊರಲ್ಲ ಅಂತ ತೀರ್ಮಾನ ಮಾಡಿದರೆ ಎಲ್ಲಾ ಸುಲಭ. ಹೆಲ್ಪರ್ ತೆಗೆದು ಬಿಸಾಕಬಹುದು, ಬ್ಲೇಡ್ ಕಮ್ಮಿ ಮಾಡಬಹುದು, 50 ಏನು, 80 ಇಳಿಸಬಹುದು. ಗಾಡಿ ಸುಂದರವಾಗಿ ಕೂರುತ್ತದೆ. ಆದರೆ ಆಮೇಲೆ ಅದು ಪಿಕಪ್ಪಿನ ಫೋಟೋ ಆಗುತ್ತದೆ. ಆರ್‌ಸಿಯಲ್ಲಿ ಖಾಲಿ ತೂಕ ಇಷ್ಟು, ಲೋಡ್ ಸಮೇತ ತೂಕ ಇಷ್ಟು ಅಂತ ಬರೆದಿದೆ. ಅವೆರಡರ ನಡುವಿನ ವ್ಯತ್ಯಾಸವೇ ಆ ಗಾಡಿಯ ಯೋಗ್ಯತೆ. ಅದರ ಮೇಲೆ ನಮ್ಮ ಮನೆ ನಡೆದಿದೆ, ನನ್ನ ಕಾಲೇಜ್ ಫೀಸು ಹೋಗಿದೆ. ಅದನ್ನು ಕಿತ್ತು ಸ್ಟೈಲ್ ಮಾಡೋದಕ್ಕೆ ನನಗೆ ಮನಸ್ಸು ಬರಲಿಲ್ಲ. ಹತ್ತು ಮೂಟೆ ಹೊರುವ ಶಕ್ತಿ ಹಾಗೇ ಉಳಿಯಬೇಕು, ಮಿಕ್ಕಿದ್ದರಲ್ಲಿ ಎಷ್ಟು ಇಳಿಯುತ್ತೋ ಅಷ್ಟು ಅಂತ ಗೆರೆ ಎಳೆದುಕೊಂಡೆ. ಗೆರೆ ಎಳೆದ ಮೇಲೆ ದಾರಿ ಆರಿಸೋದು ಅಷ್ಟು ಕಷ್ಟ ಆಗಲಿಲ್ಲ.

ತುಮಕೂರು ರಸ್ತೆಯ ಬ್ಲೇಡ್ ಅಂಗಡಿಯವರು ಕೊಟ್ಟ ಮೊದಲ ಸಲಹೆ, ಎರಡು ಬ್ಲೇಡ್ ತೆಗೆದುಬಿಡಿ. ಏಳರಲ್ಲಿ ಎರಡು ತೆಗೆದರೆ ಕಟ್ಟಿನ ಬಿಗಿ ಕಾಲು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ, ಉಳಿದ ಐದರ ಮೇಲೆ ಅಷ್ಟೂ ಭಾರ. ಗಾಡಿ ಇಳಿಯುತ್ತೆ, ಮೆದುವೂ ಆಗುತ್ತೆ, ಲೋಡ್ ಹಾಕಿದ ದಿನ ಮೈನ್ ಬ್ಲೇಡ್ ಕಟ್ ಆಗುತ್ತೆ. ಎರಡನೇ ಸಲಹೆ, ಗ್ಯಾಸ್‌ನಲ್ಲಿ ಕಾಯಿಸಿ ಬಿಲ್ಲು ಇಳಿಸಿಕೊಡ್ತೀನಿ. ಇದಕ್ಕೆ ಅಪ್ಪನಿಗೆ ನಿಜವಾಗಿಯೂ ಸಿಟ್ಟು ಬಂತು. ಬ್ಲೇಡುಗಳಿಗೆ ಹಾಕುವುದು ಸಿಲಿಕಾನ್ ಬೆರೆಸಿದ ಸ್ಪ್ರಿಂಗ್ ಸ್ಟೀಲು, ಪೀಣ್ಯದ ಭಾಷೆಯಲ್ಲಿ ಇಎನ್ 45. ಅದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಕಮ್ಮಿ ಶಾಖದಲ್ಲಿ ಹದ ಮಾಡಿದರೆ ಬರುವ ಗುಣ ಅದರದು. ರಸ್ತೆ ಬದಿಯಲ್ಲಿ ಒಂದೇ ಕಡೆ ಗ್ಯಾಸ್ ಹಿಡಿದರೆ ಆ ಜಾಗದ ಹದ ಹೋಯಿತು. ನೋಡೋಕೆ ಬ್ಲೇಡೇ, ಕೆಲಸಕ್ಕೆ ಬರೀ ಪಟ್ಟಿ. "ಹೀಟ್ ಟ್ರೀಟ್‌ಮೆಂಟಿನವ್ರಿಗೆ ಇಪ್ಪತ್ತೈದ್ ವರ್ಷ ದುಡ್ ಕೊಟ್ಟಿದೀನಿ, ನನ್ ಮುಂದೆ ಗ್ಯಾಸ್ ಹಚ್ಬೇಡಪ್ಪ" ಅಂದರು. ತಣ್ಣಗಿರುವಾಗಲೇ ಪ್ರೆಸ್ಸಿನಲ್ಲಿ ಒತ್ತಿ ಬಿಲ್ಲು ಇಳಿಸಬಹುದು, ಅದು ಸರಿಯಾದ ದಾರಿಯೇ. ಆದರೆ ನಲವತ್ತು ವರ್ಷ ಹಳೇ ಬ್ಲೇಡು ಕೂರಿಸಿದ ಕಡೆ ಕೂರುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಆರು ತಿಂಗಳಿಗೆ ಇನ್ನೂ ಇಳಿದು, ಒಂದು ಕಡೆ ವಾಲಿಕೊಂಡು ನಿಲ್ಲಬಹುದು.

ಶಾಕಲ್ ಚಿಕ್ಕದು ಮಾಡೋದು ಇನ್ನೊಂದು ಉಪಾಯ. ಬ್ಲೇಡಿನ ಒಂದು ತುದಿ ಮಾತ್ರ ಶಾಕಲ್‌ಗೆ ನೇತು ಬಿದ್ದಿರುವುದರಿಂದ ಎರಡಿಂಚು ಚಿಕ್ಕದು ಮಾಡಿದರೆ ಗಾಡಿ ಇಳಿಯೋದು ಒಂದಿಂಚು. ಆದರೆ ಲೋಡ್ ಬಿದ್ದು ಬಿಲ್ಲು ಚಪ್ಪಟೆಯಾದಾಗ ಬ್ಲೇಡ್ ಉದ್ದ ಆಗುತ್ತದಲ್ಲ, ಆ ಉದ್ದಕ್ಕೆ ತೂಗಾಡಲು ಶಾಕಲ್‌ಗೆ ಜಾಗ ಬೇಕು. ಚಿಕ್ಕ ಶಾಕಲ್ ಹೋಗಿ ಸಿಕ್ಕಿಕೊಳ್ಳುತ್ತದೆ. ಬೇಡ. ಏರ್ ಬ್ಯಾಗ್ ಸಸ್ಪೆನ್ಷನ್ ಬಗ್ಗೆ ವೈಟ್‌ಫೀಲ್ಡ್ ಕಡೆಯ ಒಬ್ಬ ಗೆಳೆಯ ತುಂಬಾ ಹೇಳಿದ. ಸ್ವಿಚ್ ಒತ್ತಿದರೆ ಕೂರುತ್ತೆ, ಒತ್ತಿದರೆ ಏಳುತ್ತೆ. ಕಂಪ್ರೆಸರು, ಟ್ಯಾಂಕು, ಪೈಪು, ಜತೆಗೆ ಆಕ್ಸಲ್‌ಗೆ ಜಾಗ ಮಾಡೋಕೆ ಚಾಸಿಯನ್ನು ಅರ್ಧಚಂದ್ರದ ಹಾಗೆ ಕೊಯ್ಯಬೇಕು. ಚಾಸಿ ಕೊಯ್ಯೋದು ಅಂದ ಕೂಡಲೇ ನಾನು ಫೋನ್ ಇಟ್ಟೆ.

ಅದಕ್ಕೆ ಕಾನೂನಿನ ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿಯಾಗಿ ಓದಿ ಹೇಳಿತು. ನಮ್ಮದು ಹಳದಿ ಬೋರ್ಡು, ವರ್ಷ ವರ್ಷ ಎಫ್‌ಸಿಗೆ ನಿಲ್ಲಬೇಕಾದ ಗಾಡಿ. ಹಳೇ ಗಾಡಿ ಅಂತ ವಿನಾಯಿತಿ ಸಿಗುತ್ತಾ ಅಂತ ನೋಡಿದೆ. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ಸ್ವಂತ ಬಳಕೆಯ ಟೂ ವೀಲರ್ ಮತ್ತು ಕಾರುಗಳಿಗೆ. ಸರಕು ಹೊತ್ತ ಗಾಡಿಗೆ ಅಲ್ಲಿ ಜಾಗವೇ ಇಲ್ಲ. ರಾಜರ ಕಾರು ವಿಂಟೇಜು, ಅದರ ಬಿಡಿಭಾಗ ಹೊತ್ತದ್ದು ಗುಜರಿ. ಹೋಗಲಿ. ಹಾಗಾಗಿ ಏನು ಮಾಡಿದರೂ ಕೊಯ್ಯದೆ, ಬೆಸೆಯದೆ, ಬೋಲ್ಟ್ ಬಿಚ್ಚಿದರೆ ಅರ್ಧ ದಿನದಲ್ಲಿ ಮೊದಲಿನ ಹಾಗೆ ಆಗುವಂತಿರಬೇಕು ಅಂತ ಎರಡನೇ ಗೆರೆ ಎಳೆದೆ.

ಎರಡೂ ಗೆರೆಯ ಒಳಗೆ ಉಳಿದದ್ದು ಒಂದೇ, ಬ್ಲಾಕು. ಅಮೆರಿಕದ ಹಳೇ ಪಿಕಪ್‌ಗಳಲ್ಲಿ ಎಷ್ಟೋ ಕಡೆ ಬ್ಲೇಡ್ ಮೇಲೆ, ಆಕ್ಸಲ್ ಕೆಳಗೆ. ಅವರು ಆಕ್ಸಲ್ಲನ್ನು ಎತ್ತಿ ಬ್ಲೇಡಿನ ಮೇಲೆ ಕೂರಿಸುವ ಕಿಟ್ ಕೊಂಡು ಒಂದೇ ಏಟಿಗೆ ನಾಲ್ಕೈದು ಇಂಚು ಇಳಿಸುತ್ತಾರೆ. ಜೀಪಿನ ವಂಶದಲ್ಲಿ ಹುಟ್ಟಿನಿಂದಲೇ ಆಕ್ಸಲ್ ಮೇಲೆ, ಬ್ಲೇಡ್ ಕೆಳಗೆ. ಆ ದೊಡ್ಡ ಆಟ ನಮಗಿಲ್ಲ. ಆದರೆ ಬ್ಲೇಡಿಗೂ ಆಕ್ಸಲ್ಲಿಗೂ ನಡುವೆ ಒಂದು ಕಬ್ಬಿಣದ ತುಂಡು ಇಟ್ಟರೆ ಆಕ್ಸಲ್ ಅಷ್ಟು ಮೇಲೆ ಹೋಗುತ್ತದೆ, ಗಾಡಿ ಅಷ್ಟೇ ಕೆಳಗೆ ಬರುತ್ತದೆ. ಬ್ಲೇಡು ಮುಟ್ಟುವ ಹಾಗಿಲ್ಲ, ಹೆಲ್ಪರ್ ಹಾಗೇ ಇರುತ್ತದೆ. ಹೊಸದಾಗಿ ಬೇಕಾಗುವುದು ಉದ್ದದ ಯು-ಬೋಲ್ಟ್ ನಾಲ್ಕು. ಹಳೇದನ್ನು ಮತ್ತೆ ಹಾಕಕೂಡದು, ಒಮ್ಮೆ ಬಿಗಿದು ಎಳೆದ ಯು-ಬೋಲ್ಟ್ ಎರಡನೇ ಸಲ ಅಷ್ಟು ಹಿಡಿಯೋಲ್ಲ.

ಎಷ್ಟು ದಪ್ಪ? 25 ಮಿಲಿಮೀಟರ್. ಮತ್ತೆ ಸಿಮೆಂಟ್ ಚೀಲದ ಲೆಕ್ಕ: 35ರಲ್ಲಿ 25 ಕಳೆದರೆ ಪೂರ್ತಿ ಲೋಡಿನಲ್ಲಿ 10 ಉಳಿಯುತ್ತದೆ, ಸಾಲದು. ಕಲ್ಲಿನ ಹಾಗಾಗಿದ್ದ ಹಳೇ ಸ್ಟಾಪರ್ ರಬ್ಬರಿನ ಬದಲು 15 ಮಿಲಿಮೀಟರ್ ಗಿಡ್ಡ, ಮೊದಲು ಮೆದು ಆಮೇಲೆ ಬಿಗಿಯಾಗುವ ಪಾಲಿಯುರೆಥೇನ್ ಸ್ಟಾಪರ್ ಹಾಕಿದರೆ 25 ಆಯಿತು. ಅಪ್ಪನ ಲೆಕ್ಕದಲ್ಲಿ ಒಂದೂವರೆ ಬೆರಳು. ಅವರು ಎರಡು ಬೆರಳು ಕೇಳಿದರು, ನಾನು ಒಂದೂವರೆಗೆ ಒಪ್ಪಿಸಿದೆ. ಕಾರ್ಡನ್ ಶಾಫ್ಟಿನ ಕೋನ ಏನಾಗುತ್ತೆ ಅಂತಲೂ ನೋಡಿದೆವು. ಒಂದು ಡಿಗ್ರಿ ಚಿಲ್ಲರೆ ಬದಲಾಗುತ್ತದೆ, ಎರಡೂ ತುದಿಯ ಕ್ರಾಸಿನಲ್ಲಿ ಸಮವಾಗಿ. ಅದಕ್ಕೆ ಬ್ಲಾಕಿಗೆ ಇಳಿಜಾರು ಕೊಡುವ ಅಗತ್ಯ ಬೀಳಲಿಲ್ಲ.

ಮುಂದೆ ಏನೂ ಮುಟ್ಟಲಿಲ್ಲ. ಮುಂದೆ ಇಳಿಸಿದರೆ ಸ್ಟೀರಿಂಗಿನ ಡ್ರ್ಯಾಗ್ ಲಿಂಕ್ ಕೋನ ಬದಲಾಗಿ, ಗುಂಡಿಗೆ ಬಿದ್ದಾಗೆಲ್ಲ ಗಾಡಿ ತಾನಾಗೇ ಎಳೆಯೋಕೆ ಶುರು ಮಾಡುತ್ತದೆ. ಹಿಂದೆ ಒಂದಿಂಚು ಇಳಿದರೆ ಗಾಡಿ ಹೆಚ್ಚೂಕಮ್ಮಿ ಸಮ ಆಗುತ್ತಿತ್ತು. ಕುಸ್ತಿಪಟು ನೆಟ್ಟಗಾದರೆ ಸಾಕಿತ್ತು ನನಗೆ.

ಬ್ಲಾಕು ಎಲ್ಲಿ ಸಿಗುತ್ತೆ ಅಂತ ನಾನು ಜೆ.ಸಿ. ರೋಡ್ ಸುತ್ತೋಕೆ ಹೊರಟೆ. ಒಂದು ಅಂಗಡಿಯಲ್ಲಿ ಅಲ್ಯೂಮಿನಿಯಂನದ್ದು ತೋರಿಸಿದರು, ಇನ್ನೊಂದರಲ್ಲಿ ಎರಡು ಬ್ಲಾಕ್ ಒಂದರ ಮೇಲೊಂದು ಇಡಿ ಅಂದರು. ನಾನು ಕೇಳಿದ ಪ್ರತೀ ಪ್ರಶ್ನೆಗೂ ಉತ್ತರ ಮಾತ್ರ ಅಪ್ಪನ ಕಡೆ ತಿರುಗಿ ಕೊಡುತ್ತಿದ್ದರು. ಮೂರನೇ ಅಂಗಡಿಯಲ್ಲಿ ಅಪ್ಪ, "ಗಾಡಿ ಅವಳ್ದು ಸ್ವಾಮಿ, ನಾನು ಡ್ರೈವರ್ರು" ಅಂದುಬಿಟ್ಟರು. ಶಾಕ್ ಅಬ್ಸಾರ್ಬರ್ ನಾಲ್ಕು ಅಲ್ಲೇ ತಗೊಂಡೆವು. ಗಾಡಿ ನಿಂತ ಎತ್ತರದಲ್ಲಿ ಶಾಕಿನ ರಾಡ್ ಹೆಚ್ಚೂಕಮ್ಮಿ ಮಧ್ಯದಲ್ಲಿರಬೇಕು, ಪೂರ್ತಿ ಒತ್ತಿದಾಗಿನ ಉದ್ದ ಆಕ್ಸಲ್ ಸ್ಟಾಪರ್ ಮುಟ್ಟಿದಾಗ ಉಳಿಯುವ ಜಾಗಕ್ಕಿಂತ ಕಮ್ಮಿ ಇರಬೇಕು. ಇಷ್ಟು ಅಳತೆ ಬರೆದುಕೊಂಡು ಹೋದರೆ ಅಂಗಡಿಯವರು ಹೇಳುವ ಬ್ರ್ಯಾಂಡ್ ಪುರಾಣ ಅರ್ಧಕ್ಕರ್ಧ ಕೇಳಬೇಕಾಗಿಲ್ಲ. ಕುಣಿತ ಕಮ್ಮಿಯಾದದ್ದು ಮುಖ್ಯವಾಗಿ ಈ ಶಾಕುಗಳಿಂದ. ಹಳೆಯವು ಯಾವ ಕಾಲಕ್ಕೆ ಸತ್ತಿದ್ದವೋ.

ಬ್ಲಾಕ್ ಕೊಳ್ಳಲಿಲ್ಲ. ಅಪ್ಪ ಮಾಡಿದರು.

ಅವರ ಮಿಲ್ಲಿಂಗ್ ಮಷೀನು ಹೋಗಿ ವರ್ಷಗಳಾಗಿತ್ತು. ಹಳೇ ಪಕ್ಕದ ಶೆಡ್ಡಿನ ಸ್ನೇಹಿತರಿಗೆ ಫೋನ್ ಮಾಡಿ, ಸಂಜೆ ಆರರ ಮೇಲೆ ಎರಡು ದಿನ ಮಷೀನು ಕೇಳಿಕೊಂಡರು. ಇಎನ್ 8 ಚೌಕದ ಬಾರು ತಂದದ್ದೂ ಇದೇ ಪಿಕಪ್ಪಿನಲ್ಲಿ. ಶೆಡ್ ಮುಚ್ಚಿದ ಮೇಲೆ ಅವರು ಪೀಣ್ಯದ ಆ ಕ್ರಾಸಿಗೆ ಹೋದದ್ದು ಅದೇ ಮೊದಲು ಅಂತ ಅಮ್ಮ ಆಮೇಲೆ ಹೇಳಿದರು. ನಾನು ಎರಡನೇ ದಿನ ಹೋದೆ. ಬ್ಲಾಕ್ ಅಂದರೆ ಬರೀ ತುಂಡಲ್ಲ. ಬ್ಲೇಡುಗಳನ್ನು ಹಿಡಿದಿರುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂತಿರುತ್ತದೆ, ಆಕ್ಸಲ್ ಹಿಂದೆ ಮುಂದೆ ಸರಿಯದ ಹಾಗೆ ತಡೆಯುವುದು ಅದೇ. ನಡುವೆ ಬ್ಲಾಕ್ ಬಂದರೆ ಅದರ ಒಂದು ಮುಖಕ್ಕೆ ಬೋಲ್ಟ್ ತಲೆಗೆ ಸರಿಯಾದ ತೂತು ಬೇಕು, ಇನ್ನೊಂದು ಮುಖಕ್ಕೆ ಪ್ಯಾಡಿನ ತೂತಿಗೆ ಸರಿಯಾದ ಪಿನ್ ಬೇಕು, ಎರಡೂ ಒಂದೇ ಸೆಂಟರ್‌ನಲ್ಲಿ. ತಪ್ಪಿದರೆ ಆಕ್ಸಲ್ ಓರೆಯಾಗಿ ಗಾಡಿ ಏಡಿಯ ಹಾಗೆ ಹೋಗುತ್ತದೆ. ಅಪ್ಪ ಡಯಲ್ ಇಟ್ಟು, ಕನ್ನಡಕ ಹಣೆಗೆ ಏರಿಸಿ, ಆ ಸೆಂಟರ್ ಹಿಡಿಯುವಾಗ ಶೆಡ್ಡಿನ ಹುಡುಗರು ಇಬ್ಬರು ಕೆಲಸ ಬಿಟ್ಟು ನೋಡುತ್ತಾ ನಿಂತಿದ್ದರು. ಒಬ್ಬ ಕೇಳಿದ, "ಸಾರ್, ಟಾಲರೆನ್ಸ್ ಎಷ್ಟು?" ಅಪ್ಪ, "ಮಗಳ ಗಾಡಿ ಕಣಪ್ಪ. ಟಾಲರೆನ್ಸ್ ಇಲ್ಲ."

ಮನೆಗೆ ಬಂದ ಮೇಲೆ ಅವರು ಬೀರುವಿನಿಂದ ಹಳೇ ಡೆಲಿವರಿ ಚಲನ್ ಪುಸ್ತಕ ತೆಗೆದು, ಶೆಡ್ಡಿನ ಹೆಸರಿರುವ ಹಾಳೆಯಲ್ಲಿ, ಕಾರ್ಬನ್ ಇಟ್ಟು ಬರೆದರು. ಲೋವರಿಂಗ್ ಬ್ಲಾಕ್, ಇಎನ್ 8, 25 ಮಿ.ಮೀ., ನಗ 2. ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ದರದ ಕಾಲಂ ಖಾಲಿ.

ಜೋಡಿಸಿದ ವಾರವೇ ಅಪ್ಪನ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ದಾಬಸ್‌ಪೇಟೆಯಲ್ಲಿ ಚಿಕ್ಕಪ್ಪನ ಮಗ ಸಣ್ಣ ಶೆಡ್ ಶುರು ಮಾಡುತ್ತಿದ್ದ. ನಮ್ಮ ಮನೆ ಹಿಂದೆ ತಾಡಪಾಲಿನ ಕೆಳಗೆ ಅಪ್ಪ ಮಾರದೇ ಉಳಿಸಿಕೊಂಡಿದ್ದ ಡ್ರಿಲ್ಲಿಂಗ್ ಮಷೀನು, ಬೆಂಚ್ ವೈಸು, ಸರ್ಫೇಸ್ ಪ್ಲೇಟು, ಟೂಲ್ ಬೀರು, ಎಲ್ಲಾ ಸೇರಿ 350 ಕೆಜಿ ಆದೀತು, ಅವನಿಗೆ ಕೊಡೋಣ ಅಂದರು. ಲೋಡ್ ಮಾಡಿ, ಹಗ್ಗ ಬಿಗಿದು, ಹೊರಡುವ ಮೊದಲು ನಾನು ವರ್ನಿಯರ್ ಹಿಡಿದು ಕೆಳಗೆ ತೂರಿದೆ. 40 ಮಿಲಿಮೀಟರ್. ಅಪ್ಪ ಇನ್ನೊಂದು ಕಡೆಯಿಂದ ಗೋಣಿ ಹಾಸಿಕೊಂಡು ಮಲಗಿ ಸಂದಿನೊಳಗೆ ಎರಡು ಬೆರಳು ತೂರಿಸಿ ನೋಡಿದರು.

ಗಾಡಿ ಕೂತಿತ್ತು. ಜಾಲಹಳ್ಳಿ ಕ್ರಾಸಿನಲ್ಲಿ ಕಾಣುತ್ತಿದ್ದಷ್ಟೇ ಎತ್ತರಕ್ಕೆ. ಫೋಟೋ ತೆಗೀಬೇಕು ಅಂತ ನಾನು ರಸ್ತೆಯಾಚೆ ಹೋಗಿ ನಿಂತರೆ ಅಪ್ಪ ಇನ್ನೂ ಗಾಡಿ ಕೆಳಗೇ ಇದ್ದರು, ಕಾಲು ಮಾತ್ರ ಕಾಣುತ್ತಿತ್ತು. ಅಲ್ಲಿಂದಲೇ ಕೂಗಿದರು. "ನೂರು ಕಿಲೋಮೀಟ್ರು ಆದ್ಮೇಲೆ ಯು-ಬೋಲ್ಟ್ ಮತ್ತೆ ಬಿಗಿಸ್ಬೇಕು, ಮರೀಬೇಡ. ಆಮೇಲೆ ಮುಂದಿನ ಎಡಗಡೆ ಶಾಕಲ್ ಬುಷ್ ಹೋಗಿದೆ, ಅದನ್ನ ಮೊದ್ಲು ಹಾಕ್ಸು."